ಸುಗುಣಮ್ಮನ ಪ್ರಾರ್ಥನೆಗೆ ಒಂದು ಆಮೆನ್

ರಾಜಗೋಪಾಲನಗರದ ನಮ್ಮ ಮನೆಯ ಕೆಳಗಿನ ಭಾಗದಲ್ಲಿ ಹದಿನೆಂಟು ವರ್ಷಗಳಿಂದ ಬಾಡಿಗೆಗಿರುವ ಪರಮಾನಂದ ಅವರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ನೋಡುವವರು. ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಪೀಸನ್ನು ಪಕ್ಕಕ್ಕೆಸೆಯುವ ಕೆಲಸ. ಆ ಚಾಳಿಯನ್ನು ಗೇಟಿನಲ್ಲೇ ಬಿಟ್ಟು ಬರಬೇಕಿತ್ತು, ಮನೆಗೂ ತಂದರು. ಅವರನ್ನು ಕಂಡರೆ ನನಗೆ ಪ್ರೀತಿಯೂ ಇದೆ, ಸಿಟ್ಟೂ ಇದೆ.

ಸಂಜೆ ಏಳಕ್ಕೆ ಅವರ ಮನೆಯಲ್ಲಿ ಪ್ರಾರ್ಥನೆ. ಹೆಂಡತಿ ಸುಗುಣಮ್ಮ ಒಂದು ಕೀರ್ತನೆ ಹಾಡುತ್ತಿದ್ದರು. ಇವರು ಪ್ರಾರ್ಥಿಸಿ, ತಂದೆ, ಮಗ, ಪವಿತ್ರಾತ್ಮರ ಹೆಸರಿನಲ್ಲಿ ಆಶೀರ್ವಾದ ಹೇಳಿ ಮುಗಿಸುತ್ತಿದ್ದರು. ಕೊನೆಗೆ ಇಬ್ಬರೂ ಒಟ್ಟಿಗೆ ಅನ್ನುತ್ತಿದ್ದ ಆಮೆನ್ ಮಹಡಿಯ ಮೇಲಿನ ನಮಗೂ ಕೇಳಿಸುತ್ತಿತ್ತು. ಅದು ಕೇಳಿದ ಮೇಲೆ ನನ್ನ ಹೆಂಡತಿ ವೆಂಕಟಮ್ಮ ಮುದ್ದೆಗೆ ಎಸರಿಡುತ್ತಿದ್ದಳು.

ಮೂರು ವರ್ಷದ ಹಿಂದೆ ಸುಗುಣಮ್ಮ ತಾವು ಕೆಲಸಕ್ಕೆ ಹೋಗುವ ಗಾರ್ಮೆಂಟ್ಸಿನ ಗೆಳತಿಯೊಬ್ಬಳ ಜೊತೆ, ಹಾರ್ಡ್‌ವೇರ್ ಅಂಗಡಿಯ ಮಹಡಿಯಲ್ಲಿ ಸೇರುವ ಬೇರೊಂದು ಸಭೆಗೆ ಹೋದರು. ಅಲ್ಲಿಯವರ ಪ್ರಕಾರ ದೇವರಲ್ಲಿ ಮೂವರಿಲ್ಲ, ಯೇಸು ಒಬ್ಬನೇ ತಂದೆಯೂ ಮಗನೂ ಆತ್ಮನೂ. ಮೂರು ಹೆಸರಿನಲ್ಲಾದ ದೀಕ್ಷಾಸ್ನಾನ ಸಲ್ಲುವುದಿಲ್ಲ ಅಂದರಂತೆ. ಸುಗುಣಮ್ಮ ಯೇಸುವಿನ ಒಂದೇ ಹೆಸರಿನಲ್ಲಿ ಮತ್ತೊಮ್ಮೆ ನೀರಿಗಿಳಿದು ಬಂದರು. ಅಂದಿನಿಂದ ಗಂಡನ ಆಶೀರ್ವಾದಕ್ಕೆ ಆಮೆನ್ ಅನ್ನುವುದನ್ನು ಬಿಟ್ಟರು.

ಶುರುವಾಯಿತು ವಾದ. "ಅಲ್ಲ ಕಣೇ, ಯೇಸು ದೀಕ್ಷಾಸ್ನಾನಕ್ಕೆ ನದೀಲಿ ನಿಂತಿದ್ದಾಗ ಆಕಾಶದಿಂದ ಮಾತಾಡಿದ್ದು ಯಾರು? ಪಾರಿವಾಳದ ಹಾಗೆ ಇಳಿದಿದ್ದು ಯಾರು?" ಎಂದು ಇವರು.

"ದೇವ್ರು ಒಬ್ನೇ ಅಲ್ವೇನ್ರೀ? ಒಬ್ನೇ ಎಲ್ಲಾ ಕಡೆ ಇರೋಕಾಗಲ್ವಾ?" ಎಂದು ಆಕೆ.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಗಂಡ, ಒಂದೇ ಕಾಲು ಅನ್ನುವ ಹೆಂಡತಿ! ಗೋಡೆತುಂಬ ದೇವರ ಪಟ ತೂಗುಹಾಕಿಕೊಂಡಿರುವ ನನಗೆ ಮೊದಮೊದಲು ನಗು ಬರುತ್ತಿತ್ತು.

ಒಂದು ಭಾನುವಾರ ಪರಮಾನಂದ ತಮ್ಮ ಚರ್ಚಿನ ಪಾದ್ರಿ ಅಯ್ಯನವರನ್ನು ಮನೆಗೆ ಕರೆಸಿ, ಅವರೆದುರು ಹೆಂಡತಿಯನ್ನು ಕೂರಿಸಿ, ಬೈಬಲ್ ತೆರೆದು ಒಂದರ ಹಿಂದೊಂದು ಪ್ರಶ್ನೆ ಕೇಳಿದರು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಹೋಗಿ ಎಲ್ಲರಿಗೂ ಟೀ ತಂದರು. "ಬಾಯೇ ಬರ್ಲಿಲ್ಲ ಅವ್ಳಿಗೆ!" ಎಂದು ಇವರು ನನ್ನ ಬಳಿ ಬೀಗಿದರು. ಗೆದ್ದವ ಸೋತ ಅನ್ನುವುದು ಕೋರ್ಟಿಗೆ ಮಾತ್ರ ಹೇಳಿದ ಮಾತಲ್ಲ. ಮರುದಿನದಿಂದ ಕೀರ್ತನೆ ನಿಂತಿತು. ಇವರ ಪ್ರಾರ್ಥನೆ ಹಾಲಿನಲ್ಲಿ, ಆಕೆಯದು ಅಡುಗೆಮನೆಯಲ್ಲಿ.

"ಜಗಳನಾದ್ರೂ ಆಡ್ತಿದ್ಲು, ಈಗ ಅದೂ ಇಲ್ಲ ಸೊಣ್ಣಪ್ಪನವರೇ" ಎಂದು ಅವರು ಒಂದು ದಿನ ನನ್ನ ಬಳಿ ಹೇಳಿಕೊಂಡರು.

ಕಳೆದ ವರ್ಷ ಅವರಿಗೆ ಹೃದಯದ ಆಪರೇಷನ್ ಆಯಿತು. ಒಳಗೆ ಕರೆದೊಯ್ಯುವ ಮುನ್ನ ಸುಗುಣಮ್ಮ ತಾವಾಗಿಯೇ ಹತ್ತಿರ ಬಂದು ಗಂಡನ ತಲೆಯ ಮೇಲೆ ಕೈಯಿಟ್ಟರು. ಎಷ್ಟೋ ಕಾಲದ ಮೇಲೆ ಅವರಿಗೆ ಕೇಳುವಂತೆ ಪ್ರಾರ್ಥಿಸಿದರು. ನಾನು ಅಲ್ಲೇ ನಿಂತಿದ್ದೆ.

"ಯೇಸಪ್ಪಾ, ತಂದೆನೂ ನೀನೇ, ಮಗನೂ ನೀನೇ. ಇವ್ರನ್ನ ನಂಗೆ ವಾಪಸ್ ಕೊಡಪ್ಪಾ."

ಮಲಗಿದ್ದ ಪುಣ್ಯಾತ್ಮ ಕಣ್ಣು ಮುಚ್ಚಿಕೊಂಡೇ, "ತಂದೇನೇ ಮಗ ಅಲ್ಲ ಕಣೇ" ಎಂದುಬಿಟ್ಟರು!

ಸುಗುಣಮ್ಮ ಕೈ ತೆಗೆದು ಕಿಟಕಿಯ ಬಳಿ ಹೋಗಿ ನಿಂತರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ, ರೋಗಿಯೆಂದು ನುಂಗಿಕೊಂಡೆ.

ಮನೆಗೆ ಬಂದ ಮೇಲೆ ಪರಮಾನಂದ ನನ್ನ ಕೈ ಹಿಡಿದುಕೊಂಡು ಅತ್ತರು. "ತಾನು ಯಾರು ಅಂತ ದೇವ್ರಿಗೆ ಗೊತ್ತಿಲ್ವಾ? ನಾನ್ಯಾಕೆ ಬಾಯಿ ಹಾಕ್ಬೇಕಿತ್ತು? ಒಂದು ಆಮೆನ್ ಅಂದಿದ್ರೆ ಸಾಕಿತ್ತಲ್ಲ."

ಈಗ ಸಂಜೆ ಏಳಕ್ಕೆ ಅವರೇ ಎದ್ದು ಅಡುಗೆಮನೆಗೆ ಹೋಗಿ ಹೆಂಡತಿಯ ಎದುರು ಕೂರುತ್ತಾರೆ. ಆಕೆ ಏನು ಬೇಡಿಕೊಂಡರೂ ಆಮೆನ್ ಅನ್ನುವುದೆಂದು ತೀರ್ಮಾನಿಸಿದ್ದಾರೆ. ಸುಗುಣಮ್ಮ ಬೇಡವೆನ್ನುವುದಿಲ್ಲ. ಆದರೆ ಆಪರೇಷನ್ ದಿನದಿಂದ ಆಕೆ ದನಿ ತೆಗೆದು ಪ್ರಾರ್ಥಿಸುವುದಿಲ್ಲ, ತುಟಿಯಷ್ಟೇ ಅಲುಗುತ್ತದೆ. ಆಮೆನ್ ಎಲ್ಲಿ ಅನ್ನಬೇಕೆಂದು ಗೊತ್ತಾಗದೆ ಪರಮಾನಂದ ಆ ತುಟಿಯನ್ನೇ ನೋಡುತ್ತ ಕೂತಿರುತ್ತಾರೆ.