ಅಮೆರಿಕದ ರಸ್ತೆಬದಿ ಮಣ್ಣು

ನಾನು ಅಮೆರಿಕಕ್ಕೆ ಹೊರಡುವಾಗ ನಮ್ಮ ಯಜಮಾನರು ಸೆಂಟು, ಸ್ವೆಟರು ಏನೂ ಕೇಳಲಿಲ್ಲ. ಮಂಡಿ ನೋವಿನಿಂದ ಅವರು ಮಹದೇವಪುರ ಬಿಟ್ಟು ಬರುವ ಹಾಗಿರಲಿಲ್ಲ. "ಅಲ್ಲಿ ಹೊಲ ಎಂಗದೆ, ಮಣ್ಣು ಎಂಗದೆ, ಫೋಟೋ ಹಿಡ್ಕಂಡ್ ಬಾ. ನಾನಂತೂ ಹೋಗಿ ನೋಡಕ್ಕಾಗಲ್ಲ," ಎಂದರು. ನಮ್ಮ ಹೊಲದಲ್ಲಿ ಈಗ ಬಾಡಿಗೆ ರೂಮುಗಳಿವೆ. ಆದರೂ ಮಳೆ ಬಂದರೆ ಮಹಡಿ ಮೇಲೆ ನಿಂತು "ಹದ ಆಯ್ತು" ಅನ್ನುವ ಮನುಷ್ಯ.

ಅಲ್ಲಿ ಕೆಲಸದಲ್ಲಿರುವ ಮೊಮ್ಮಗಳು ಮೂರು ದಿನ ಕಾರಿನಲ್ಲಿ ಸುತ್ತಿಸಿದಳು. ಎರಡೂ ಕಡೆ ಮುಸುಕಿನ ಜೋಳ, ನೋಡಿದಷ್ಟೂ ಅದೇ. ಒಂದು ಬದು ಇಲ್ಲ, ಒಂದು ಹೊಂಗೆ ಮರ ಇಲ್ಲ, ಕೆಲಸ ಮಾಡುವವರೂ ಕಾಣಲಿಲ್ಲ. ನಾನು ಕಿಟಕಿಯಿಂದ ಫೋಟೋ ತೆಗೆದದ್ದೇ ತೆಗೆದದ್ದು.

"ಅಜ್ಜಿ, ಮುಂದೆ ಬೆಟ್ಟ ಬರತ್ತೆ. ಚಾರ್ಜ್ ಉಳಿಸ್ಕೋ."

"ಬೆಟ್ಟದಲ್ಲಿ ಏನ್ ಬೆಳೀತಾರೆ?" ಎಂದೆ.

ಎರಡು ದಿನದ ಫೋಟೋ ಊರಿಗೆ ಕಳಿಸಿದೆ. ಯಜಮಾನರ ಉತ್ತರ ಬಂತು: "ಇದೇನ್ ಹೊಲಾನಾ, ಜಮಖಾನಾನಾ? ಪೈರು ಮೊಣಕಾಲುದ್ದವೋ ತಲೆ ಮಟ್ಟಕ್ಕೋ ಒಂದೂ ತಿಳಿಯಾಕಿಲ್ಲ. ಮಣ್ಣೆಲ್ಲಿ?" ಕೋಪ ಬಂತು. ಆದರೆ ಹೇಳಿದ್ದು ಸರಿ. ಓಡುವ ಕಾರಿನಿಂದ ಹಿಡಿದದ್ದೆಲ್ಲ ಹಸಿರು ಬಳಿದ ಹಾಗಿತ್ತು.

ಉಳಿದದ್ದು ಒಂದೇ ದಿನ. ಹೆದ್ದಾರಿಯಲ್ಲಿ ನಿಲ್ಲಿಸಿದರೆ ಪೊಲೀಸರು ಬರುತ್ತಾರೆ ಎಂದು ಮೊಮ್ಮಗಳು ಒಪ್ಪಲಿಲ್ಲ. ಕೊನೆಗೆ ಒಂದು ಸಣ್ಣ ಊರಿನಲ್ಲಿ ಪೆಟ್ರೋಲಿಗೆ ನಿಲ್ಲಿಸಿದಳು. ಬಂಕಿನ ಹಿಂದೆಯೇ ಹೊಲ. ನಾನು ಅವಳನ್ನು ಕೇಳದೆ ಇಳಿದು ನಡೆದೆ. ನಮ್ಮಲ್ಲಿ ಪೈರಿನೊಳಕ್ಕೆ ಚಪ್ಪಲಿ ಮೆಟ್ಟಿಕೊಂಡು ಹೋಗುವುದಿಲ್ಲ. ಅಂಚಿನಲ್ಲೇ ಬಿಟ್ಟು ಒಳಗೆ ಹೋದೆ.

ಅಷ್ಟರಲ್ಲಿ ಒಬ್ಬ ಬಿಳಿ ಮುದುಕ ಗಾಡಿ ನಿಲ್ಲಿಸಿ ಬಂದ. ಹೊಲ ಅವನದೇ. ಮೊಮ್ಮಗಳು ಓಡಿ ಬಂದಳು.

"ಅಜ್ಜಿ, ಚಪ್ಪಲಿ ಬಿದ್ದೋಗಿದ್ಯಾ, ದಾರಿ ತಪ್ಪಿದೀರಾ ಅಂತ ಕೇಳ್ತಿದಾರೆ."

"ಮಣ್ಣು ನೋಡ್ಬೇಕು ಅಂತೇಳು. ಊರಲ್ಲಿ ನಮ್ಮೆಜಮಾನ್ರಿಗೆ ತೋರ್ಸೋಕೆ."

ಅವಳು ನಾಚಿಕೊಂಡೇ ಹೇಳಿದಳು. ಮುದುಕ ನನ್ನ ಕಾಲು ನೋಡಿದ. ಆಮೇಲೆ ಬಗ್ಗಿ, ಬುಡದಿಂದ ಒಂದು ಹಿಡಿ ಮಣ್ಣು ಕೆದಕಿ, ಹಿಂಡಿ, ಅಂಗೈ ಬಿಚ್ಚಿದ. ಉಂಡೆ ಒಡೆಯಲಿಲ್ಲ. ನಮ್ಮವರೂ ಹದ ನೋಡುವುದು ಹಾಗೆಯೇ. ಆ ಅಂಗೈಯ ಫೋಟೋ ತೆಗೆದೆ. ಪೈರಿನ ಪಕ್ಕ ನಿಲ್ಲು ಎಂದು ಕೈ ಮಾಡಿದೆ, ನಿಂತ. ಜೋಳ ಅವನ ಭುಜಕ್ಕೆ ಬರುತ್ತಿತ್ತು. ಅದನ್ನೂ ತೆಗೆದೆ.

ಈ ಸಲ ಯಜಮಾನರು ಬೈಯಲಿಲ್ಲ. "ಕರೀ ಮಣ್ಣು. ಆವಯ್ಯನ ಉಗುರು ನೋಡು, ಕೆಲ್ಸ ಮಾಡೋನೇ," ಎಂದರು.

ಈಗ ದಿನಾ ಬೆಳಿಗ್ಗೆ ನಮ್ಮ ಕಟ್ಟಡದ ಕೆಳಗಿನ ಟೀ ಅಂಗಡಿಯಲ್ಲಿ ಕೂತು, ಆ ಎರಡು ಫೋಟೋ ಹಿಡಿದು ಅಮೆರಿಕದ ಬೇಸಾಯ ವಿವರಿಸುತ್ತಾರೆ. ಸಾಲಿನಿಂದ ಸಾಲಿಗೆ ಎಷ್ಟು ಗೇಣು ಅನ್ನುವುದನ್ನೂ ಬಿಡುವುದಿಲ್ಲ. ಹೋಗಿ ಬಂದವಳು ನಾನು. ಅಲ್ಲೇ ಹಾಲಿಗೆ ನಿಂತಿರುತ್ತೇನೆ, ಯಾರೂ ನನ್ನನ್ನು ಕೇಳುವುದಿಲ್ಲ. ಮೊನ್ನೆ ಒಬ್ಬ ಬಾಡಿಗೆಯವನು, "ನೀವ್ ಯಾವಾಗ ಹೋಗಿದ್ರಿ ಯಜಮಾನ್ರೇ?" ಎಂದ.

"ಹೋದ್ ಆಷಾಢದಲ್ಲಿ," ಎಂದುಬಿಟ್ಟರು.

ನಾನು ಹಾಲು ತೆಗೆದುಕೊಂಡು ಮೇಲೆ ಬಂದೆ.