ಲಾಯ್ಡನ ರೌಟರುಗಳು

ಸ್ಯಾನ್ ಹೋಸೆಯ ಕಾಲೇಜೊಂದರಲ್ಲಿ ಇಂಟರ್‌ನೆಟ್ ನೋಡಿಕೊಳ್ಳುವ ಲಾಯ್ಡ್ ಪ್ರೂಯಿಟ್‌ಗೆ ಬೆಳಿಗ್ಗೆ ಕಾಫಿ ಲೋಟ ಹಿಡಿದು ಕಟ್ಟಡದಿಂದ ಕಟ್ಟಡಕ್ಕೆ ಅಲೆದು, ಮಾಹಿತಿಗೆ ದಾರಿ ಹುಡುಕಿ ದಾಟಿಸುವ ಒಂದೊಂದು ರೌಟರಿನ ನೆತ್ತಿಯ ಮೇಲೂ ಕೈಯಿಟ್ಟು ನೋಡದಿದ್ದರೆ ಸಮಾಧಾನವಿಲ್ಲ. ಬಿಸಿ ಹೆಚ್ಚಿದ್ದರೆ, ‘ಏನಪ್ಪಾ, ರಾತ್ರಿಯೆಲ್ಲ ಯಾವ ದಾರಿ ಹುಡುಕ್ತಿದ್ದೆ?’ ಎಂದು ವಿಚಾರಿಸುತ್ತಾನೆ. ಗ್ರಂಥಾಲಯದ್ದು ಸೋಮಾರಿ, ಜಿಮ್ಮಿನದು ಮುಂಗೋಪಿ ಎಂದು ಊಟಕ್ಕೆ ಕೂತಾಗ ದೂರುತ್ತಾನೆ. ಈಗ ದಾರಿ ಹುಡುಕುವ ಕೆಲಸವನ್ನೆಲ್ಲ ರೌಟರುಗಳಿಂದ ಕಿತ್ತು ಆಫೀಸಿನ ಒಂದೇ ಕಂಪ್ಯೂಟರಿಗೆ ಕೊಟ್ಟಿದ್ದಾರೆ. ‘ಹಾಗಾದ್ರೆ ಇವು ಏನ್ ಮಾಡ್ತವೆ?’ ಎಂದು ಅವನು ಕೇಳದ ದಿನವಿಲ್ಲ. ‘ಹೇಳಿದ ಕಡೆ ದಾಟಿಸ್ತವೆ ಲಾಯ್ಡ್, ಅಷ್ಟೇ,’ ಎನ್ನುತ್ತಾಳೆ ಆ ಕಂಪ್ಯೂಟರಿಗೆ ಅಪ್ಪಣೆ ಬರೆಯುವ ಲಿನ್. ‘ಮತ್ತೆ ತಪ್ಪಾದ್ರೆ ಬೈಯೋದು ಯಾರನ್ನ?’ ಎಂದು ತಲೆ ಕೆರೆದುಕೊಂಡು ಹೋಗಿ ಮತ್ತೆ ನೆತ್ತಿ ಮುಟ್ಟುತ್ತಾನೆ. ಹೋದ ವಾರ ಪರೀಕ್ಷೆಯ ನಡುವೆ ಇಡೀ ಕಾಲೇಜಿನ ಇಂಟರ್‌ನೆಟ್ ನಿಂತಿತು. ಲಾಯ್ಡ್ ಓಡಿ ನೋಡಿದರೆ ರೌಟರುಗಳೆಲ್ಲ ಗಟ್ಟಿಮುಟ್ಟಾಗಿವೆ. ಏದುಸಿರು ಬಿಡುತ್ತ ಆಫೀಸಿಗೆ ಬಂದರೆ ಲಿನ್ ಬಿಳಿಚಿಕೊಂಡು ಕೂತಿದ್ದಳು. ‘ನಾನೇ ತಪ್ಪು ಬರೆದುಬಿಟ್ಟೆ. ಒಂದೇ ಸಾಲು. ಎಲ್ಲಾ ನಿಂತೋಯ್ತು.’ ಲಾಯ್ಡ್ ಬಿಡದೆ ಬಡಿದುಕೊಳ್ಳುತ್ತಿದ್ದ ಫೋನನ್ನು ತಾನೇ ಎತ್ತಿ, ‘ನಮ್ಮಿಂದ ತಪ್ಪಾಗಿದೆ, ಸರಿ ಮಾಡ್ತಿದೀವಿ,’ ಎಂದ; ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತ. ಪರದೆಯ ಮೇಲಿದ್ದ ಒಂದಕ್ಷರವೂ ಅವನಿಗೆ ತಿಳಿಯಲಿಲ್ಲ. ಅವಳು ಸಾಲು ತಿದ್ದಿ, ಇಂಟರ್‌ನೆಟ್ ಮರಳಿ ಬಂದಮೇಲೂ ಅವನು ಅಲ್ಲಿಂದ ಏಳಲಿಲ್ಲ.