ಮಾವನ ಹೆಸರಿನ ವಿಮೆ

“ಕೆಎ ವೀಸ್ ಕೋಣಾಚಿ ಆಹೆ? ಗಾಡಿ ಕಾಢಾ!”

ಥಾಣೆ ಪಕ್ಕದ ಕಳವಾಕ್ಕೆ ಬಂದ ಮರುದಿನ ಬೆಳಿಗ್ಗೆ ಕಿಟಕಿಯ ಕೆಳಗೆ ಈ ಕೂಗು ಕೇಳಿ ಗಾಬರಿಯಿಂದ ಎದ್ದೆ. ಕೆಎ ಇಪ್ಪತ್ತು ಯಾರದ್ದು, ಗಾಡಿ ತೆಗೆಯಿರಿ ಎಂದು ವಾಚ್‌ಮನ್ ಕೂಗುತ್ತಿದ್ದ. ಕೆಎ ಇಪ್ಪತ್ತು ಉಡುಪಿ ಜಿಲ್ಲೆಯ ನೋಂದಣಿ. ಅಂದರೆ ಕರೆ ನನಗೇ. ಕೆಳಗಿಳಿದರೆ ನಾಲ್ಕು ಜನ ನನ್ನ ಕಾರನ್ನು ತಳ್ಳಲು ಹೋಗಿ ಸೋತು ನಿಂತಿದ್ದರು. ಇಲ್ಲಿ ಜಾಗ ಸಾಲದೆ ಕಾರುಗಳನ್ನು ಒಂದಕ್ಕೊಂದು ಅಡ್ಡ ನಿಲ್ಲಿಸುತ್ತಾರೆ. ಅಡ್ಡ ನಿಲ್ಲಿಸಿದವರು ಹ್ಯಾಂಡ್‌ಬ್ರೇಕ್ ಹಾಕದೆ ನ್ಯೂಟ್ರಲ್‌ನಲ್ಲಿ ಬಿಟ್ಟು ಹೋಗಬೇಕು, ಬೇಕಾದವರು ತಳ್ಳಿ ದಾರಿ ಮಾಡಿಕೊಳ್ಳುತ್ತಾರೆ. ನಾನೋ ಕಾರ್ಕಳದ ಹತ್ತಿರ ಇಳಿಜಾರು ಅಂಗಳದಲ್ಲಿ ಡ್ರೈವಿಂಗ್ ಕಲಿತವಳು. ಗೇರಿಗೆ ಹಾಕದೆ, ಹ್ಯಾಂಡ್‌ಬ್ರೇಕ್ ಎಳೆಯದೆ ಇಳಿದರೆ ಮಾವನ ಬೈಗುಳ ಖಾತ್ರಿ.

ಮಾವ ಎಂದರೆ ಅಮ್ಮನ ಅಣ್ಣ. ಕಾರು ಅವರದ್ದೇ. ಇಲ್ಲಿಗೆ ಹತ್ತಿರದ ಮಹಾಪೆಯಲ್ಲಿ ನನಗೆ ಕೆಲಸ ಸಿಕ್ಕಾಗ ಕೀಲಿಕೈ ನನ್ನ ಕೈಗಿಟ್ಟರು. ಹೆಸರು ಬದಲಿಸೋಣವೇ ಎಂದು ಕೇಳಿದ್ದೆ.

“ಎಂತಕ್ಕೆ ಮಾರಾಯ್ತಿ? ನಂದು ಬೇರೆ, ನಿಂದು ಬೇರೆಯಾ?”

ನಮ್ಮದು ಅಳಿಯಕಟ್ಟಿನ ಮನೆ. ಮನೆತನ ತಾಯಿಯ ಕಡೆಯಿಂದ ನಡೆಯುತ್ತದೆ. ಸೋದರಮಾವನೂ ತಂಗಿಯ ಮಕ್ಕಳೂ ತಮ್ಮೊಳಗೆ ಕಾಗದಪತ್ರ ಮಾಡಿಕೊಂಡರೆ ಜಗಳವಾಗಿದೆ ಎಂದೇ ಊರು ತಿಳಿಯುತ್ತದೆ. ಹಾಗಾಗಿ ಆರ್‌ಸಿ, ವಿಮೆ ಎರಡೂ ಮಾವನ ಹೆಸರಿನಲ್ಲೇ ಉಳಿದವು.

ನಾನೂ ನ್ಯೂಟ್ರಲ್‌ನಲ್ಲಿ ಬಿಡುವ ಇಲ್ಲಿಯ ಪದ್ಧತಿ ಕಲಿತೆ. ಕಲಿತದ್ದೇ ಮುಳುವಾಯಿತು. ಒಂದು ಬೆಳಿಗ್ಗೆ ಯಾರೋ ಅವಸರದಲ್ಲಿ ತಳ್ಳಿದ ನನ್ನ ಕಾರು ಕಂಬಕ್ಕೆ ಗುದ್ದಿ ಬಂಪರ್ ಒಡೆಯಿತು. ಯಾರೆಂದು ಕೇಳಿದರೆ ಇಡೀ ಕಟ್ಟಡಕ್ಕೆ ಮರೆವು. ವಿಮೆ ಇರುವುದೇ ಇದಕ್ಕಲ್ಲವೇ ಎಂದು ಕ್ಲೇಮ್ ಹಾಕಿದೆ. ಮಾವನ ಫೋನಿಗೆ ಹೋದ ಓಟಿಪಿಯನ್ನು ಕೇಳಿ ಪಡೆದೆ. ಎಂತದ್ದಕ್ಕೆ ಎಂದು ಕೇಳಿದರು. ಸರ್ವಿಸಿಗೆ ಎಂದೆ. ಅವರಿಗೇಕೆ ಚಿಂತೆ ಎಂದು ಸುಳ್ಳು ಹೇಳಿದೆ ಅಂತ ಆಗ ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ನನಗೆ ನಾಚಿಕೆಯಾಗಿತ್ತು.

ನವೀಕರಣದ ಹೊತ್ತಿಗೆ ಕಂತು ಏಕಾಏಕಿ ಏರಿತ್ತು. ಕೆಲಸ ಮುಗಿಸಿ, ಟ್ರಾಫಿಕ್ಕಿನಲ್ಲಿ ನುಗ್ಗಾಗಿ, ಥಾಣೆಯ ನೌಪಾಡಾದ ವಿಮೆ ಏಜೆಂಟ್ ಬಸಣ್ಣನವರ ಮುಂದೆ ಕುಳಿತೆ. ಅವರು ವಿಜಯಪುರ ಕಡೆಯವರು, ಮನೆ ಡೊಂಬಿವಲಿಯಲ್ಲಿ.

“ಅಕ್ಕಾರ, ಇದರಾಗ ಎರಡು ಭಾಗ ಅದಾವ್ರಿ. ಮಂದಿಗೆ ಹಾನಿ ಆದ್ರ ಕೊಡೂದು ಒಂದು. ಅದರ ರೇಟು ಸರ್ಕಾರ ಹೇಳ್ತೈತಿ, ಇಂಜಿನ್ ನೋಡಿ. ನಿಮ್ಮ ಗಾಡಿಗೇ ಏನರ ಆದ್ರ ಕೊಡೂದು ಇನ್ನೊಂದು. ಏರೂದು ಇಳಿಯೂದು ಎಲ್ಲಾ ಅಲ್ಲೇ.”

ಆ ಎರಡನೆಯ ಭಾಗಕ್ಕೆ ಗಾಡಿಯ ವಯಸ್ಸು, ಈಗಿನ ಬೆಲೆ, ನೋಂದಣಿಯ ಊರು ಎಲ್ಲವೂ ಲೆಕ್ಕವಂತೆ. ಮಳೆಗಾಲದಲ್ಲಿ ಕೆಲಸದ ದಾರಿಯ ವಿಟಾವಾ ಸೇತುವೆಯಡಿ ನಿಲ್ಲುವ ನೀರಿಗೆ ಹೆದರಿ ಇಂಜಿನ್ ರಕ್ಷಣೆ ಸೇರಿಸಿದರೆ ಅದು ಬೇರೆ. ಊರಿನಲ್ಲಿ ಮಳೆ ಇದಕ್ಕಿಂತ ಜೋರು, ಆದರೆ ನೀರು ಹರಿದು ಹೋಗುತ್ತಿತ್ತು. ಇಷ್ಟೂ ಕೇಳಿದ ಮೇಲೂ ಕಂತು ಇಷ್ಟೇಕೆ ಏರಿತು ಎಂದು ತಿಳಿಯಲಿಲ್ಲ.

“ನೋ ಕ್ಲೇಮ್ ಬೋನಸ್ ಹೋತಲ್ರೀ! ಆ ರಿಯಾಯ್ತಿ ಗಾಡೀದಲ್ಲ, ಮಾಲಕರದು. ನಿಮ್ಮ ಮಾವನವರು ವರ್ಷಾನುಗಟ್ಲೆ ಕ್ಲೇಮ್ ಮಾಡಲಾರ್ದ ಗಳಿಸಿದ್ದು. ಒಂದು ಬಂಪರಿಗೆ ಕಳದ್ರಿ. ರಿಪೇರಿ ರೊಕ್ಕ ಕೈಲೆ ಕೊಟ್ಟಿದ್ರ ಅಗ್ಗ ಆಗ್ತಿತ್ತು.”

ನವೀಕರಣದ ಕಾಗದ ಊರಿನ ವಿಳಾಸಕ್ಕೂ ಹೋಗಿತ್ತು. ಭಾನುವಾರ ಮಾವನ ಫೋನು ಬಂತು.

“ನಾನು ಕ್ಲೇಮ್ ಮಾಡಿದ್ದೇನಂತೆ. ಘಾಟಿಯಲ್ಲಿ ಮೂವತ್ತು ವರ್ಷ ಬಸ್ಸು ಬಿಟ್ಟವ ನಾನು. ಒಂದು ಗೀರು ಹಾಕಿದವನಲ್ಲ.”

ಎಲ್ಲ ಹೇಳಿದೆ.

“ಹೇಳಿದ್ರೆ ಬೇಡ ಅಂತಿದ್ನಾ? ಸರ್ವಿಸಿಗೆ ಅಂತ ಯಾಕೆ ಹೇಳಿದ್ದು?”

ನಾನು ಮಾತು ತಿರುಗಿಸಿದೆ. ಇಲ್ಲೇ ವಾಸವಿದ್ದರೆ ಗಾಡಿಯನ್ನು ಇಲ್ಲಿಗೇ ವರ್ಗಾಯಿಸಬೇಕೆಂದು ಬಸಣ್ಣ ಹೇಳಿದ್ದರು. ಅದನ್ನೇ ನೆಪ ಮಾಡಿ, ನನ್ನ ಹೆಸರಿಗೆ ಮಾಡಿಕೊಳ್ಳಲೇ ಎಂದು ಕೇಳಿದೆ. ನಂದು ಬೇರೆ, ನಿಂದು ಬೇರೆಯಾ ಎಂದು ಬೈದರೆ ಸಾಕೆಂದು ಕಾದೆ. “ಹಾಗೇ ಮಾಡು. ಕಾಗದ ಕಳಿಸು,” ಎಂದರು. ಕಳಿಸಿದ ವಾರದೊಳಗೆ ಸಹಿಯಾಗಿ ಬಂತು. ಅಷ್ಟು ಬೇಗ ಬಂದದ್ದಕ್ಕೇ ಅತ್ತುಬಿಟ್ಟೆ.

ಆಮೇಲೆ ತಿಂಗಳುಗಟ್ಟಲೆ ಕಚೇರಿಗಳಿಗೆ ಅಲೆದು ಸಾಕಾಯಿತು. ಕೊನೆಗೆ ಥಾಣೆಯ ಎಂಎಚ್ ನಾಲ್ಕರ ನಂಬರು ಬಂತು. ವಿಮೆ ನನ್ನ ಹೆಸರಿನಲ್ಲಿ, ಬೋನಸ್ ಸೊನ್ನೆಯಿಂದ. ವಾಚ್‌ಮನ್ ಈಗ ಕೂಗಿದರೆ ಪೂರ್ತಿ ನಂಬರು ಕೇಳಿಸಿಕೊಳ್ಳಬೇಕು. ಇಲ್ಲಿ ಎಲ್ಲವೂ ಎಂಎಚ್ ನಾಲ್ಕೇ.

ಕಳೆದ ತಿಂಗಳು ಊರಿಗೆ ಹೋದಾಗ ಪೇಟೆಯಲ್ಲಿ ಮಾವನನ್ನು ಹತ್ತಿಸಿಕೊಂಡೆ. ದಾರಿಯಲ್ಲಿ ಪೆಟ್ರೋಲ್ ಬಂಕಿನವನು ನಂಬರು ನೋಡಿ ಹಿಂದಿಯಲ್ಲಿ ಮಾತಾಡಿಸಿದ. ನಾನೂ ಹಿಂದಿಯಲ್ಲೇ ಉತ್ತರಿಸಿದೆ. ಮಾವ ಕಿಟಕಿಯ ಹೊರಗೆ ನೋಡುತ್ತಿದ್ದರು. ಅಂಗಳ ತಲುಪಿ, ಕಳವಾದ ರೂಢಿಯಂತೆ ನ್ಯೂಟ್ರಲ್‌ಗೆ ಹಾಕಿ ಬಾಗಿಲು ತೆರೆದೆ. ಕಾರು ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು. ಪಕ್ಕದ ಸೀಟಿನಿಂದ ಮಾವ ಕೈ ಚಾಚಿ ಹ್ಯಾಂಡ್‌ಬ್ರೇಕ್ ಎಳೆದರು.

“ಎಳೆದೇ ಇಳಿ ಮಗಳೇ,” ಎಂದರು. “ಇಲ್ಲಿ ನಿನ್ನ ಗಾಡಿ ಯಾರಿಗೂ ಅಡ್ಡ ಇಲ್ಲ.”